ಪ್ರಶ್ನೋತ್ತರ: ಹಡಗು ಸೇತುವೆಗೆ ಗುದ್ದುವುದು ಯಾಕೆ?

ಅಡ್ಮಿನ್: ಅಮೆರಿಕದ ಬಾಲ್ಟಿಮೋರಿನ ವಿಡಿಯೊ ಮತ್ತೆ ಎಲ್ಲರ ಮೊಬೈಲಿನಲ್ಲಿ ಓಡುತ್ತಿದೆ. 2024ರ ಮಾರ್ಚ್ 26ರಂದು ‘ಡಾಲಿ’ ಹಡಗು ಗುದ್ದಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಬಿತ್ತು. ಸೇತುವೆ ಮೇಲೆ ರಿಪೇರಿ ಮಾಡುತ್ತಿದ್ದ 6 ಮಂದಿ ತೀರಿಕೊಂಡರು. ನಮ್ಮ ಕಾಸರಗೋಡು ಬಳಗದ, ಹಡಗಿನಲ್ಲಿ ದುಡಿದ ನಿವೃತ್ತ ಚೀಫ್ ಇಂಜಿನಿಯರ್ ಇವತ್ತು ಉತ್ತರಿಸುತ್ತಾರೆ. ಕೇಳಿ.

ನೀರ್ಚಾಲು: ಸರ್, ನಿಲ್ಲಿಸಲು ಆಗುತ್ತಿರಲಿಲ್ಲವಾ? ಲಂಗರು ಹಾಕಬಹುದಿತ್ತಲ್ಲ?

ಚೀಫ್: ಹಡಗಿಗೆ ಬ್ರೇಕ್ ಇಲ್ಲ. ಸರಕು ಸೇರಿ ಒಂದು ಲಕ್ಷ ಟನ್ನಿಗೂ ಜಾಸ್ತಿ ತೂಕ. ಮೊದಲ ಸಲ ಕರೆಂಟ್ ಹೋದಲ್ಲಿಂದ ಗುದ್ದುವವರೆಗೆ ಸಿಕ್ಕಿದ್ದು ಸುಮಾರು 4 ನಿಮಿಷ. ಲಂಗರು ಬಿಟ್ಟರು. ಅದು ಹಿಡಿದು ನಿಲ್ಲಿಸುವಷ್ಟು ದೂರ ಉಳಿದಿರಲಿಲ್ಲ.

ಉಪ್ಪಳ: ಫಾರ್ವರ್ಡ್ ಬಂದದ್ದು: ‘ಹ್ಯಾಕರ್‌ಗಳು ದೂರದಿಂದ ಹಡಗು ತಿರುಗಿಸಿದರು. ಎಲ್ಲರಿಗೂ ಕಳಿಸಿ.’

ಚೀಫ್: ಸುಳ್ಳು. ಕಳಿಸಬೇಡಿ.

ಉದುಮದ ತಾಯಿ: ನಮಸ್ಕಾರ ಸರ್. ಮಗ ಕಂಟೈನರ್ ಹಡಗಿನಲ್ಲಿ ಫೋರ್ತ್ ಇಂಜಿನಿಯರ್. ಎರಡು ವಾರದಲ್ಲಿ ಮೂರು ಸಲ ಇಡೀ ಹಡಗಿನ ಕರೆಂಟ್ ಹೋಯಿತಂತೆ. ಲಾಗ್ ಬುಕ್ಕಿನಲ್ಲಿ ಬರೆಯಬೇಡ ಅಂತ ಮೇಲಿನವರು ಹೇಳಿದರಂತೆ. ಹೊಸಬ, ಕೆಲಸ ಹೋದೀತು ಅಂತ ಹೆದರಿಕೆ. ನಾನೂ ಸುಮ್ನಿರು ಅಂದೆ. ತಪ್ಪಾಯಿತಾ?

ಚೀಫ್: ಅಮ್ಮ, ಊಟಕ್ಕೆ ಕೂತವನು ಇದನ್ನು ಓದಿ ಎದ್ದು ಬಂದೆ. ಸುಮ್ನಿರು ಅಂತ ದಯವಿಟ್ಟು ಹೇಳಬೇಡಿ. ಹಡಗಿನಲ್ಲಿ ಕರೆಂಟ್ ಹೋಗುವುದು ಮನೆಯಲ್ಲಿ ಹೋದ ಹಾಗಲ್ಲ. ಚುಕ್ಕಾಣಿ ತಿರುಗಿಸುವ ಪಂಪು ನಿಲ್ಲುತ್ತದೆ. ಎಣ್ಣೆ, ನೀರಿನ ಪಂಪು ನಿಂತು ಮೇನ್ ಎಂಜಿನ್ ಕೂಡ ಬಂದ್. ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ಲೋಡ್ ಹೊರಬೇಕು ಅಂತ ನಿಯಮ ಇದೆ. ಆದರೆ ಅದರಿಂದ ಮೇನ್ ಎಂಜಿನ್ ಓಡುವುದಿಲ್ಲ.

ಡಾಲಿಯಲ್ಲೂ ಹಿಂದಿನ ದಿನ ಬಂದರಿನಲ್ಲೇ ಎರಡು ಸಲ ಕರೆಂಟ್ ಹೋಗಿತ್ತು. ಅದರ ಕಾರಣ ಬೇರೆ. ಹೊರಟ ಮೇಲೆ ಹೋದದ್ದಕ್ಕೆ ಕಾರಣ ಒಂದು ಸಿಗ್ನಲ್ ವೈರ್. ಅದಕ್ಕೆ ಸುತ್ತಿದ್ದ ಲೇಬಲ್ ಅಡ್ಡ ಬಂದು, ವೈರಿನ ತುದಿ ಟರ್ಮಿನಲ್ ಒಳಗೆ ಪೂರ್ತಿ ಕೂತಿರಲಿಲ್ಲ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2025ರ ನವೆಂಬರಿನಲ್ಲಿ ಹೇಳಿದ್ದು ಇದನ್ನೇ. ವೈರ್ ಸಡಿಲವಾಯಿತು, ಬ್ರೇಕರ್ ಬಿತ್ತು, ಹಡಗಿಡೀ ಕತ್ತಲೆ. ಕರೆಂಟ್ ಬಂತು, ಮತ್ತೆ ಹೋಯಿತು. ಯಾಕೆ ಗೊತ್ತಾ? ಜನರೇಟರಿಗೆ ಇಂಧನ ಕೊಡಲು ಫ್ಲಶಿಂಗ್ ಪಂಪು (ಪೈಪು ತೊಳೆಯಲು ಇರುವುದು) ಇಟ್ಟುಕೊಂಡಿದ್ದರು. ಒಮ್ಮೆ ನಿಂತರೆ ಅದು ತಾನಾಗಿ ಶುರುವಾಗುವುದಿಲ್ಲ. ‘ಸದ್ಯಕ್ಕೆ ಹೀಗೇ ನಡೆಯಲಿ’ ಅನ್ನುವ ಮಾತನ್ನು ಎಂಜಿನ್ ರೂಮಿನಲ್ಲಿ ನಾನು ತುಂಬಾ ಕೇಳಿದ್ದೇನೆ. ಈಗಲೂ ಆ ಮಾತು ಕೇಳಿದರೆ ಹೆದರಿಕೆಯಾಗುತ್ತದೆ.

ಮಗ ಮೂರೂ ಸಲದ ದಿನ, ಹೊತ್ತು, ಬಂದ ಅಲಾರ್ಮ್, ಬಿದ್ದ ಬ್ರೇಕರ್ ಎಲ್ಲ ಬರೆದಿಡಲಿ. ಅಲ್ಲಿಯ ಚೀಫಿಗೆ ಬರಹದಲ್ಲೇ ಕೊಡಲಿ. ಅವರು ಕೇಳದಿದ್ದರೆ ಡಿಪಿಎಗೆ, ಅಂದರೆ ಕಂಪನಿಯ ಸುರಕ್ಷತೆ ನೋಡುವವರಿಗೆ, ಹೇಳಲಿ. ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಎಂ ಕೋಡ್ ಪ್ರಕಾರ ಹಡಗಿನವರ ಮಾತು ಕೇಳಲು ಕಂಪನಿ ದಡದಲ್ಲಿ ಅಂಥ ಒಬ್ಬರನ್ನು ಇಡಲೇಬೇಕು.

ಕುಂಬಳೆ: ಸರ್, ಲಂಗರು ಹಾಕಿದ್ದರೆ?

ಚೀಫ್: ಮೇಲೆ ಬರೆದಿದ್ದೇನೆ.

ಪೆರ್ಲ: ಮಗಳಿಗೆ ಮರ್ಚೆಂಟ್ ನೇವಿ ಕೋರ್ಸ್ ಎಲ್ಲಿ ಒಳ್ಳೆಯದು?

ಬದಿಯಡ್ಕ: ಯಾವಾಗಲೂ ಕರೆಂಟೇ ಕಾರಣವಾ?

ಚೀಫ್: ಅಲ್ಲ. 1980ರಲ್ಲಿ ಫ್ಲೋರಿಡಾದ ಸನ್‌ಶೈನ್ ಸ್ಕೈವೇ ಸೇತುವೆಗೆ ‘ಸಮಿಟ್ ವೆಂಚರ್’ ಗುದ್ದಿದ್ದು ದಿಢೀರ್ ಗಾಳಿಮಳೆಯಲ್ಲಿ. 35 ಜನ ಹೋದರು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಕಾಸ್ಕೊ ಬುಸಾನ್’ ಗುದ್ದಿದ್ದು ಮಂಜಿನಲ್ಲಿ.

ಉಪ್ಪಳ: ಇನ್ನೊಂದು ಬಂದಿದೆ: ‘ಕಂಬಗಳಿಗೆ ಹಳೆ ಲಾರಿ ಟಯರ್ ಕಟ್ಟಿದರೆ ಯಾವ ಹಡಗಿಗೂ ಹೆದರಬೇಕಿಲ್ಲ.’

ಚೀಫ್: ಟಯರ್ ದೋಣಿ ಕಟ್ಟುವ ಜೆಟ್ಟಿಗೆ ಸಾಕು. ಲಕ್ಷ ಟನ್ನಿಗೆ ಟಯರಾ? ಸ್ಕೈವೇ ಹೊಸ ಸೇತುವೆ 1987ರಲ್ಲಿ ತೆರೆದಾಗ ಕಂಬಗಳ ಸುತ್ತ ಕಾಂಕ್ರೀಟಿನ ಭಾರೀ ‘ಡಾಲ್ಫಿನ್’ಗಳನ್ನು (ನೀರಿನಲ್ಲಿ ನಿಲ್ಲಿಸುವ ತಡೆಗಳು) ನೆಟ್ಟಿದ್ದರು, ಹಡಗು ಮೊದಲು ಅದಕ್ಕೇ ತಾಗಲಿ ಅಂತ. ಜನ ಸತ್ತ ವಿಷಯ ಇದು ಮಾರಾಯ್ರೆ, ಫಾರ್ವರ್ಡ್ ನಿಲ್ಲಿಸಿ.

ಮಂಜೇಶ್ವರ: ಅಮೆರಿಕದ ಕತೆ ಯಾಕೆ? 1964ರಲ್ಲಿ ನಮ್ಮ ಪಾಂಬನ್ ಸೇತುವೆಯನ್ನೂ ಹಡಗೇ ಮುರಿದದ್ದು.

ಮುಳ್ಳೇರಿಯ: ಅದು ಚಂಡಮಾರುತ. ಪಾಂಬನ್‌ಗೆ ನೌಕಾಪಡೆಯ ಬಾರ್ಜ್ ತಾಗಿದ್ದು 2013ರಲ್ಲಿ.

ಮಂಜೇಶ್ವರ: ಬಾರ್ಜ್ ಅಂದರೆ ಹಡಗಲ್ವಾ?

ಮುಳ್ಳೇರಿಯ: 1964 ಅಂದವರು ನೀವು. ತಪ್ಪನ್ನು ಒಪ್ಪಿಕೊಳ್ಳಿ.

ಮಂಜೇಶ್ವರ: ನಿಮ್ಮಿಂದ ಪಾಠ ಬೇಡ. ಹೇಗೂ ಡಾಲಿಯಲ್ಲಿ ತಪ್ಪು ನಮ್ಮ ಇಂಡಿಯಾದ ಹುಡುಗರದ್ದೇ, ಎಲ್ಲರಿಗೂ ಗೊತ್ತು.

ಚೀಫ್: ಎಂತ ಗೊತ್ತು ನಿಮಗೆ? ಕತ್ತಲಲ್ಲಿ ಜನರೇಟರ್ ಎಬ್ಬಿಸಲು ಒದ್ದಾಡಿದ್ದು ಆ ಹುಡುಗರೇ. ಪೈಲಟ್ (ಬಂದರಿನ ದಾರಿ ತೋರಿಸಲು ಹಡಗು ಹತ್ತುವವರು) ಎಚ್ಚರಿಕೆ ಕೊಟ್ಟದ್ದಕ್ಕೆ ಪೊಲೀಸರು ಎರಡೂ ಕಡೆ ವಾಹನ ತಡೆದರು. ಆ ಹುಡುಗರು ಆಮೇಲೆ ಎಷ್ಟೋ ವಾರ ಅದೇ ಹಡಗಿನಲ್ಲಿ ಸಿಕ್ಕಿಬಿದ್ದಿದ್ದರು. ಅವರ ಮನೆಯವರು ನಮ್ಮ ಪಾಲಕುನ್ನಿನ ಹಡಗಿನವರ ಮನೆಯವರ ಹಾಗೇ ಫೋನು ಹಿಡಿದು ಕೂತಿದ್ದರು.

ಕುಂಬಳೆ: ಹಾಗಾದರೆ ನಮ್ಮ ಕಾಸರಗೋಡಿನ ಚಂದ್ರಗಿರಿ ಸೇತುವೆಗೆ ಅಪಾಯ ಇದೆಯಾ?

ಚೀಫ್: ಅಂಥ ಹಡಗು ಬರುವ ಆಳ ಅಲ್ಲಿಲ್ಲ.

ಅಡ್ಮಿನ್: ಪಾಂಬನ್ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಅಳಿಸುತ್ತಿದ್ದೇನೆ.

ಮಂಜೇಶ್ವರ: ನನ್ನದು ಮಾತ್ರವಾ?

ಉದುಮದ ತಾಯಿ: ಸರ್, ಮಗನಿಗೆ ಎಲ್ಲ ಕಳಿಸಿದೆ. ನಾಡಿದ್ದು ಬಂದರು ಸೇರುತ್ತಾರಂತೆ. ನದಿಯೊಳಗೆ ಹೋಗಬೇಕಂತೆ, ದಾರಿಯಲ್ಲಿ ಸೇತುವೆ ಇದೆಯಂತೆ.

ಚೀಫ್: ಹಾಗಾದರೆ ನಾಳೆ ಅಂತ ಕಾಯುವುದು ಬೇಡ. ಇವತ್ತೇ ಡಿಪಿಎಗೆ ತಿಳಿಸಲಿ. ಪೈಲಟ್ ಹತ್ತಿದ ಕೂಡಲೇ ಕ್ಯಾಪ್ಟನ್ ಇದನ್ನು ಹೇಳಬೇಕು, ಸೇತುವೆ ದಾಟುವವರೆಗೆ ಟಗ್ (ಹಡಗನ್ನು ಎಳೆಯುವ ದೋಣಿ) ಬಿಡಬಾರದು. ನನ್ನ ನಂಬರ್ ನಿಮಗೆ ಬೇರೆಯಾಗಿ ಕಳಿಸುತ್ತೇನೆ. ಅವನು ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡಲಿ.