ಆಮ್‌ಸ್ಟರ್‌ಡ್ಯಾಮ್ ಓಟಕ್ಕೆ ಗೆಳೆಯರ ಗುಂಪು: ಶನಿವಾರ ಕಾಲು ಉಳಿಸಿ, ಸೋಮವಾರ ಊರು ನೋಡಿ

ಅಕ್ಟೋಬರ್ ತಿಂಗಳ ಮ್ಯಾರಥಾನ್ ಹಬ್ಬಕ್ಕೆ ಆರು ಜನ ಗೆಳೆಯರು ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟಿದ್ದೀರಿ. ನಾಲ್ವರು ಜರ್ಮನಿಯಿಂದ, ಒಬ್ಬರು ಲಂಡನ್‌ನಿಂದ, ಇನ್ನೊಬ್ಬರು ಬೆಂಗಳೂರಿನಿಂದ. ಇಬ್ಬರಿಗೆ ಪೂರ್ಣ ಮ್ಯಾರಥಾನ್, ಇಬ್ಬರಿಗೆ ಹಾಫ್, ಒಬ್ಬರಿಗೆ 8 ಕಿಲೋಮೀಟರ್. ಒಬ್ಬ ಗೆಳತಿ ಓಡುವುದೇ ಇಲ್ಲ. ಶುಕ್ರವಾರ ರಾತ್ರಿ ತಲುಪಿ ಭಾನುವಾರ ರಾತ್ರಿ ಹಿಂದಿರುಗುವ ಯೋಚನೆ ನಿಮ್ಮದು. ಎಲ್ಲಿ ಉಳಿಯಬೇಕು, ಶನಿವಾರ ಏನೇನು ನೋಡಬಹುದು, ಸಸ್ಯಾಹಾರಿಗಳ ಊಟಕ್ಕೆ ಏನು ದಾರಿ, ಓಡದವರಿಗೆ ಬೇಸರವಾಗದಂತೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಡುಸೆಲ್‌ಡಾರ್ಫ್ ಸುತ್ತಮುತ್ತಲಿರುವ ನಮ್ಮ ಕನ್ನಡದ ಗೆಳೆಯರೆಲ್ಲ ಸೇರಿ ಇದೇ ಓಟಕ್ಕೆ ಹೋಗಿಬಂದಿದ್ದೇವೆ. ನನಗೆ ತಿಳಿದದ್ದರ ಜೊತೆಗೆ ಅವರನ್ನು ಕೇಳಿ ತಿಳಿದುಕೊಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ಭಾನುವಾರ ರಾತ್ರಿಯ ರೈಲಿಗೆ ಟಿಕೆಟ್ ತೆಗೆಯಬೇಡಿ. ಸೋಮವಾರ ರಜೆ ಹಾಕಿ. ನಾವು ಓಡಿದ ವರ್ಷ ಮ್ಯಾರಥಾನ್ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ, ಹಾಫ್ ಹೊರಟಿದ್ದು ಮಧ್ಯಾಹ್ನ ಒಂದರ ನಂತರ. ಹಾಫ್ ಓಡುವವರು ಗುರಿ ಮುಟ್ಟಿ, ಚೀಲ ತೆಗೆದುಕೊಂಡು, ಕೊಠಡಿಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ಸಂಜೆಯೇ ಆಗಿರುತ್ತದೆ. ಆ ಹೊತ್ತಿನಲ್ಲಿ ಪೆಟ್ಟಿಗೆ ಎಳೆದುಕೊಂಡು ನಿಲ್ದಾಣಕ್ಕೆ ಓಡುವುದಾದರೆ, ಆರು ಜನ ಒಟ್ಟಿಗೆ ಕುಳಿತು ಉಣ್ಣುವ ಆ ಒಂದು ಊಟವೇ ತಪ್ಪಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರವಾಸ ಇರುವುದೇ ಆ ಊಟಕ್ಕಾಗಿ.

ಸೋಮವಾರ ಸಿಕ್ಕಿತೆಂದರೆ ಶನಿವಾರದ ಮೇಲಿನ ಭಾರ ತಾನಾಗಿ ಇಳಿಯುತ್ತದೆ. ಓಟಕ್ಕೂ ಊರು ನೋಡುವುದಕ್ಕೂ ಜಗಳ ಹತ್ತುವುದು ಶನಿವಾರವೇ. ಆಮ್‌ಸ್ಟರ್‌ಡ್ಯಾಮ್ ನಡೆದು ನೋಡುವ ಊರು. ಒಂದು ಕಾಲುವೆ ದಾಟಿದರೆ ಇನ್ನೊಂದು ಕರೆಯುತ್ತದೆ. ನಮ್ಮ ಗೆಳೆಯರೊಬ್ಬರು ಶನಿವಾರ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಹೀಗೆ ಸುತ್ತಿದರು. ತಿಂಗಳುಗಟ್ಟಲೆ ಚೆನ್ನಾಗಿ ತಯಾರಿ ನಡೆಸಿದ್ದವರು, ಮರುದಿನ ಕೊನೆಯ ಹತ್ತು ಕಿಲೋಮೀಟರ್ ನಡೆದು ಮುಗಿಸಬೇಕಾಯಿತು. ಅವರ ಮುಖ ನೋಡಿ ನಮಗೆಲ್ಲ ಸಂಕಟವಾಯಿತು. ಅಷ್ಟು ದಿನದ ಶ್ರಮವನ್ನು ಒಂದು ಮಧ್ಯಾಹ್ನದ ಸುತ್ತಾಟಕ್ಕೆ ಕೊಡಬೇಡಿ.

ಹಾಗೆಂದು ಶನಿವಾರವಿಡೀ ಹಾಸಿಗೆಯಲ್ಲಿ ಬಿದ್ದಿರಬೇಕಾಗಿಲ್ಲ. ಓಟ ಮುಗಿಯುವ ಕ್ರೀಡಾಂಗಣದ ಪಕ್ಕದ ಸ್ಪೋರ್ಟ್‌ಹಾಲನ್ ಜೌಡ್ ಎಂಬ ಕಟ್ಟಡದಲ್ಲಿ ಬಿಬ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ಓಟದ ಸಂಖ್ಯೆ, ಕೊಡುತ್ತಾರೆ. ಬೆಳಿಗ್ಗೆಯೇ ಹೋಗಿ ತೆಗೆದುಕೊಂಡು, ಅಲ್ಲಿನ ಮಳಿಗೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲದೆ ಹೊರಬನ್ನಿ. ಆಮೇಲೆ ಕಾಲುವೆಯ ದೋಣಿ ಹತ್ತಿ: ಒಂದು ಗಂಟೆ ಕುಳಿತಲ್ಲೇ ಊರು ಕಾಣುತ್ತದೆ. ನಿಂತು ನೋಡಬೇಕಾದ ವಸ್ತುಸಂಗ್ರಹಾಲಯಗಳೆಲ್ಲ ಸೋಮವಾರಕ್ಕಿರಲಿ. ರೈಕ್ಸ್‌ಮ್ಯೂಸಿಯಂ ಮತ್ತು ವ್ಯಾನ್ ಗೋ ಸಂಗ್ರಹಾಲಯ ಎರಡೂ ಸೋಮವಾರ ತೆರೆದಿರುತ್ತವೆ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಚಿತ್ರದ ಮುಂದೆ, ಮರುದಿನದ ಚಿಂತೆಯಿಲ್ಲದೆ ನಿಲ್ಲುವ ಸುಖವೇ ಬೇರೆ.

ಆ್ಯನ್ ಫ್ರಾಂಕ್ ಮನೆಯ ಮಾತು ಮಾತ್ರ ಬೇರೆ. ಅದನ್ನು ಶನಿವಾರವೇ ನೋಡಿ. ನಾತ್ಸಿಗಳಿಂದ ತಪ್ಪಿಸಿಕೊಳ್ಳಲು ಆಕೆಯ ಕುಟುಂಬ ಅವಿತಿದ್ದ, ಪುಸ್ತಕದ ಕಪಾಟಿನ ಹಿಂದಿನ ಆ ಅಡಗುದಾಣಕ್ಕೆ ಹೋಗುವ ಮೆಟ್ಟಿಲುಗಳು ಬಹಳ ಕಡಿದು, ಪಾದ ಪೂರ್ತಿ ಊರದಷ್ಟು ಕಿರಿದು. ಮ್ಯಾರಥಾನ್ ಓಡಿದ ಮರುದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ತೊಡೆಯ ಮುಂಭಾಗದ ಸ್ನಾಯುಗಳು ಮಾತು ಕೇಳುವುದಿಲ್ಲ. ಈ ಮನೆಯ ಟಿಕೆಟ್ ಬಾಗಿಲಲ್ಲಿ ಸಿಗುವುದಿಲ್ಲ. ಪ್ರತಿ ಮಂಗಳವಾರ, ಆರು ವಾರಗಳ ನಂತರದ ಟಿಕೆಟ್‌ಗಳನ್ನು ಅವರದೇ ಜಾಲತಾಣದಲ್ಲಿ ಬಿಡುತ್ತಾರೆ. ಓಟ ಅಕ್ಟೋಬರ್‌ನ ಮೂರನೆಯ ಭಾನುವಾರ ಇರುವುದರಿಂದ, ಸೆಪ್ಟೆಂಬರ್ ಮೊದಲ ಮಂಗಳವಾರದ ಸುಮಾರಿಗೆ ಒಬ್ಬರು ಮೊಬೈಲ್ ಹಿಡಿದು ಸಿದ್ಧವಾಗಿರಬೇಕು.

ಇನ್ನು ಉಳಿಯುವ ಜಾಗ. ಆರು ಜನಕ್ಕೆ ಒಂದೇ ಮನೆ ಎಂದು ಹುಡುಕುತ್ತಿದ್ದರೆ ಅದನ್ನು ಕೈಬಿಡಿ. ಆಮ್‌ಸ್ಟರ್‌ಡ್ಯಾಮ್ ನಗರದ ನಿಯಮದಂತೆ, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಯಲ್ಲಿ ಒಂದು ಸಲಕ್ಕೆ ನಾಲ್ವರಿಗಿಂತ ಹೆಚ್ಚು ಜನ ಇರುವಂತಿಲ್ಲ. ಹೋಟೆಲ್ ಕೊಠಡಿಯ ಬೆಲೆ ನೋಡುವಾಗ ಪ್ರವಾಸಿ ತೆರಿಗೆ ಸೇರಿದೆಯೋ ಇಲ್ಲವೋ ಗಮನಿಸಿ. 2024ರಿಂದ ಅದು ಶೇ 12.5. ಅಕ್ಟೋಬರ್‌ನಲ್ಲೇ ಊರಿನ ದೊಡ್ಡ ನೃತ್ಯ-ಸಂಗೀತ ಉತ್ಸವವೂ ನಡೆಯುತ್ತದೆ. 2024ರಲ್ಲಿ ಎರಡೂ ಒಂದೇ ವಾರಾಂತ್ಯಕ್ಕೆ ಬಿದ್ದಿದ್ದವು. ಹಾಗಾದಾಗ ಕೊಠಡಿಗಳ ಬೆಲೆ ಮುಗಿಲು ಮುಟ್ಟುತ್ತದೆ, ಕೇಂದ್ರ ಭಾಗದ ಬೀದಿಗಳಲ್ಲಿ ರಾತ್ರಿ ನಿದ್ದೆಯೂ ಕಷ್ಟ.

ನಮ್ಮಲ್ಲಿ ಹೆಚ್ಚಿನವರು ಒಪ್ಪುವ ಜಾಗವೆಂದರೆ ದಕ್ಷಿಣಕ್ಕಿರುವ ಆಮ್‌ಸ್ಟಲ್‌ವೇನ್. ಭಾರತೀಯರು ಬಹಳ ಮಂದಿ ನೆಲೆಸಿರುವ ಊರಾದ್ದರಿಂದ ಅಕ್ಕಿ, ಬೇಳೆ, ಸಾಂಬಾರ ಪುಡಿ ಸಿಗುವ ಅಂಗಡಿಗಳು ಹತ್ತಿರದಲ್ಲೇ ಇವೆ. ಅಡುಗೆಮನೆ ಇರುವ ಹೋಟೆಲ್ ಕೊಠಡಿಗಳನ್ನು ಅಕ್ಕಪಕ್ಕ ಹಿಡಿಯಿರಿ. ಓಟದ ದಿನ ಊರೊಳಗಿನ ರಸ್ತೆಗಳು ಮುಚ್ಚಿ ಟ್ರಾಮ್‌ಗಳು ದಾರಿ ಬದಲಿಸುತ್ತವೆ. ಮೆಟ್ರೊಗೆ ಆ ತೊಂದರೆಯಿಲ್ಲ. 25ನೇ ಟ್ರಾಮ್‌ನಲ್ಲಿ ಜೌಡ್ ನಿಲ್ದಾಣಕ್ಕೆ ಬಂದು, ಅಲ್ಲಿಂದ 50 ಅಥವಾ 51ನೇ ಮೆಟ್ರೊ ಹಿಡಿದರೆ ಮುಂದಿನ ನಿಲ್ದಾಣವೇ ಆಮ್‌ಸ್ಟಲ್‌ವೇನ್ಸೆವೆಹ್. ಕ್ರೀಡಾಂಗಣ ಅಲ್ಲಿಂದ ನಡೆದು ಹೋಗುವಷ್ಟು ದೂರ. ಟಿಕೆಟ್‌ಗೆ ಸಾಲು ನಿಲ್ಲಬೇಕಿಲ್ಲ, ಬ್ಯಾಂಕ್ ಕಾರ್ಡನ್ನೇ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತೋರಿಸಿದರಾಯಿತು. ಕಾಲುವೆ ಪಕ್ಕದ ಹಳೆಯ ಮನೆಯಲ್ಲೇ ಇರಬೇಕೆಂಬ ಆಸೆಯಿದ್ದರೆ, ಲಿಫ್ಟ್ ಇದೆಯೇ ಎಂದು ಬರೆದು ಕೇಳಿ, ಉತ್ತರ ಬಂದ ಮೇಲೆ ಹಣ ಕೊಡಿ. ಭಾನುವಾರ ಸಂಜೆ ನಾಲ್ಕನೇ ಮಹಡಿಗೆ ಏಣಿಯಂಥ ಮೆಟ್ಟಿಲು ಹತ್ತುವ ಶಿಕ್ಷೆ ಯಾರಿಗೂ ಬೇಡ.

ಊಟದ ವಿಷಯದಲ್ಲಿ ಹೆದರಬೇಡಿ. ಶನಿವಾರ ರಾತ್ರಿ ಹೊರಗೆ ತಿನ್ನದೆ, ಕೊಠಡಿಯಲ್ಲೇ ಅನ್ನ, ತೆಳುವಾದ ಸಾರು, ಮೊಸರು ಮಾಡಿಕೊಳ್ಳಿ. ದೂರದ ಓಟದ ಹಿಂದಿನ ರಾತ್ರಿ ಹೊಟ್ಟೆಗೆ ಪರಿಚಯವಿರುವ ಅನ್ನಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬೆಳಿಗ್ಗೆಗೆ ಅವಲಕ್ಕಿ, ಬಾಳೆಹಣ್ಣು ಸಾಕು. ಭಾನುವಾರ ರಾತ್ರಿಯ ಊಟಕ್ಕೆ ಮಾತ್ರ ಸುರಿನಾಮ್ ರೊಟ್ಟಿಯಂಗಡಿಗೆ ಹೋಗಿ. 1873ರಿಂದ ಭಾರತದ ಕೂಲಿಯಾಳುಗಳನ್ನು ಡಚ್ಚರ ವಸಾಹತಾಗಿದ್ದ ಸುರಿನಾಮ್‌ಗೆ ಹಡಗಿನಲ್ಲಿ ಒಯ್ದಿದ್ದರು. ಅವರ ಸಂತತಿಯವರಲ್ಲಿ ಅನೇಕರು, 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ಅವರ ರೊಟ್ಟಿಯ ಮಡಿಕೆಯೊಳಗೆ ಬೇಳೆಯ ಪುಡಿ ತುಂಬಿರುತ್ತದೆ, ಥೇಟ್ ಖಾರದ ಹೋಳಿಗೆ. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಮಾರುದ್ದದ ಅಲಸಂದೆ ಕಾಯಿ. ಕೋಳಿ, ಮೊಟ್ಟೆ ಬೇಡವೆಂದು ಮೊದಲೇ ಹೇಳಿ. ಕೈಯಿಂದಲೇ ಮುರಿದು ತಿನ್ನುವ ಊಟ. ದಣಿದ ಮೈಗೆ ಅದೇ ಹಿತ.

ಓಟದ ಬಗ್ಗೆ ಎರಡು ಮಾತು. ದಾರಿ ಸಮತಟ್ಟು, ಆದರೆ ಗಾಳಿ ಇದೆ. ಆಮ್‌ಸ್ಟಲ್ ನದಿಯ ದಂಡೆಯಲ್ಲಿ ಔಡರ್‌ಕರ್ಕ್ ಊರಿನ ಕಡೆಗೆ ಹೋಗಿ ಬರುವ ಭಾಗ ಬಯಲು. ಅಲ್ಲಿ ಒಬ್ಬರೇ ಓಡಬೇಡಿ, ಯಾವುದಾದರೂ ಗುಂಪಿನ ಬೆನ್ನಿಗೆ ನಿಲ್ಲಿ. ಮಳೆ ಬಂದರೆ ಟ್ರಾಮ್ ಹಳಿಗಳು ಜಾರುತ್ತವೆ. ಓರೆಯಾಗಿ ಕಾಲಿಡದೆ ನೇರವಾಗಿ ದಾಟಿ. ಇಬ್ಬರೂ ಪೂರ್ಣ ಮ್ಯಾರಥಾನ್ ಓಡುವವರು ಜೊತೆಯಾಗಿ ಓಡುತ್ತೀರಾ, ಎಲ್ಲಿಯವರೆಗೆ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ನಮ್ಮವರು 30 ಕಿಲೋಮೀಟರ್‌ವರೆಗೆ ಜೊತೆ, ಮುಂದೆ ಅವರವರ ಶಕ್ತಿ ಎಂದು ಮಾತಾಡಿಕೊಂಡಿದ್ದರು. ಯಾರ ಮನಸ್ಸಿಗೂ ನೋವಾಗಲಿಲ್ಲ.

ಗುರಿ ಇರುವುದು 1928ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣದೊಳಗೆ. ಇಟ್ಟಿಗೆಯ ಗೋಡೆ ದಾಟಿ ಒಳಗೆ ಕಾಲಿಟ್ಟ ಕೂಡಲೇ ಪಾದದಡಿಯ ಟಾರು ಹೋಗಿ ಮೆತ್ತನೆಯ ಟ್ರ್ಯಾಕ್ ಬರುತ್ತದೆ. ಅಂಗಾಲಿಗೇ ಅದು ತಿಳಿಯುತ್ತದೆ. ಭಾರತ ಹಾಕಿಯಲ್ಲಿ ತನ್ನ ಮೊದಲ ಒಲಿಂಪಿಕ್ ಚಿನ್ನ ಗೆದ್ದದ್ದು ಇದೇ ಅಂಗಳದಲ್ಲಿ, ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸನ್ನು 3-0ಯಿಂದ ಸೋಲಿಸಿ. ಆ ಕೂಟದಲ್ಲಿ ಧ್ಯಾನ್‌ಚಂದ್ ಹೊಡೆದದ್ದು 14 ಗೋಲು. ನಮ್ಮ ತಂಡದವರಿಗೆ ಈ ವಿಷಯ ಮೊದಲೇ ಹೇಳಿದ್ದೆ. ಕೊನೆಯ ತಿರುವಿನಲ್ಲಿ ಅದನ್ನೇ ನೆನೆಸಿಕೊಂಡು ಓಡಿದೆವೆಂದು ಹಲವರು ಆಮೇಲೆ ಹೇಳಿದರು. ನಿಮ್ಮವರಿಗೂ ಹೇಳಿ.

ಓಡದ ಗೆಳತಿಯ ಬಗ್ಗೆ ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ದಯವಿಟ್ಟು ಐದು ಜನರ ಚೀಲ, ಜಾಕೆಟ್ ಕಾಯುವ ಕೆಲಸ ಅವರಿಗೆ ಹಚ್ಚಬೇಡಿ. ಚೀಲ ಇಡಲು ಸಂಘಟಕರದೇ ವ್ಯವಸ್ಥೆ ಇರುತ್ತದೆ. ಮ್ಯಾರಥಾನ್ ದಾರಿ ವೊಂಡೆಲ್‌ಪಾರ್ಕ್ ಮೂಲಕ ಆರಂಭದಲ್ಲೊಮ್ಮೆ, ಮುಗಿಯುವ ಮುನ್ನ ಇನ್ನೊಮ್ಮೆ ಹಾದುಹೋಗುವುದು ವಾಡಿಕೆ. ಆ ವರ್ಷದ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಿ. ಅವರಿಗೆ ಇಷ್ಟವಿದ್ದರೆ ಎರಡನೆಯ ಸಲ ಅಲ್ಲಿ ನಿಲ್ಲಲಿ. ಸುಮಾರು 40ನೇ ಕಿಲೋಮೀಟರ್‌ನಲ್ಲಿ, ಕನ್ನಡದಲ್ಲಿ ಹೆಸರು ಹಿಡಿದು ಕೂಗುವ ಒಂದು ದನಿ ಕೊಡುವ ಬಲವನ್ನು, ಓಡುವಾಗ ಶಕ್ತಿಗೆಂದು ಸೇವಿಸುವ ಯಾವ ಜೆಲ್ಲೂ ಕೊಡಲಾರದು. ನಡುವಿನ ಗಂಟೆಗಳು ಪೂರ್ತಿ ಅವರವು. 8 ಕಿಲೋಮೀಟರ್ ಓಡುವವರು ಬೇಗ ಬಿಡುವಾಗುತ್ತಾರೆ, ಇಬ್ಬರೂ ಸೇರಿ ಎಲ್ಲಾದರೂ ಹೋಗಿ ಬರಲಿ. ಸಂಜೆ ಸೇರುವ ಜಾಗವನ್ನು ಕ್ರೀಡಾಂಗಣದೆದುರಿನ ಎತ್ತರದ ಮ್ಯಾರಥಾನ್ ಗೋಪುರ ಎಂದು ಗೊತ್ತುಮಾಡಿಕೊಳ್ಳಿ. ಅಷ್ಟು ಜನಜಂಗುಳಿಯಲ್ಲಿ ಮೊಬೈಲ್ ನಂಬಿ ಕೂರುವಂತಿಲ್ಲ.

ಬೆಂಗಳೂರಿನಿಂದ ಬರುವವರು ಸಾಧ್ಯವಾದರೆ ಗುರುವಾರವೇ ತಲುಪಲಿ. ಮೂರೂವರೆ ಗಂಟೆಯ ವ್ಯತ್ಯಾಸ ದೊಡ್ಡದಲ್ಲ. ಬೆಳಗಿನ ಓಟಕ್ಕೆ ಬೇಗ ಎಚ್ಚರವಾಗುವುದು ಒಳ್ಳೆಯದೇ. ಚಳಿಗೆ ಕೈಗವಸು, ಹೊರಡುವ ಮುನ್ನ ತೆಗೆದು ಬಿಟ್ಟುಬಿಡಬಹುದಾದ ಹಳೆಯ ಸ್ವೆಟರ್ ತರಲಿ. ಅವರಿಗೆ ಷೆಂಗೆನ್ ವೀಸಾ ಬೇಕು. ಲಂಡನ್‌ನವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅವರಿಗೂ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಶುಲ್ಕ 90 ಯೂರೊ, ಆದರೆ ತೊಡಕಾಗುವುದು ಹಣವಲ್ಲ, ಅರ್ಜಿ ಸಲ್ಲಿಸಲು ದಿನ ಸಿಗುವುದು. ಜರ್ಮನಿಯವರಿಗೆ ವೀಸಾ ಬೇಡ. ಆದರೂ ವಾಸದ ಪರವಾನಗಿ ಕಾರ್ಡ್, ಪಾಸ್‌ಪೋರ್ಟ್ ಎರಡೂ ಕೈಯಲ್ಲಿರಲಿ. 2024ರಿಂದ ಜರ್ಮನಿ-ನೆದರ್‌ಲ್ಯಾಂಡ್ಸ್ ಗಡಿಯಲ್ಲಿ ತಪಾಸಣೆ ನಡೆಯುತ್ತಿದೆ. ಓಟದ ನೋಂದಣಿಯನ್ನು ಇವತ್ತೇ ಮಾಡಿ, ಜಾಗಗಳು ತಿಂಗಳುಗಳ ಮೊದಲೇ ತುಂಬುತ್ತವೆ. ಹೋಟೆಲನ್ನು ಮಾತ್ರ, ವೀಸಾಗಳು ಕೈಗೆ ಬರುವವರೆಗೂ, ರದ್ದು ಮಾಡಿದರೆ ಹಣ ಹಿಂದಿರುಗಿಸುವ ಷರತ್ತಿನ ಮೇಲೆ ಕಾದಿರಿಸಿ.