ಲ್ಯಾಮ್ ಲಿಥೋಗ್ರಾಫ್ ಹಪ್ಪಳದ ಹಾಗೆ ಉಬ್ಬಿದೆ, ಬಿಸಿ ಪ್ರೆಸ್ ಮಾಡಿಸಬಹುದಾ?

ಕಡಲತಡಿ (ಮಂಗಳೂರು)
ನಮ್ಮ ಚಿಕ್ಕಪ್ಪ ಎಪ್ಪತ್ತರ ದಶಕದಲ್ಲಿ ಮಿಲಾನಿನಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಕೊಂಡ ಒಂದು ಲಿಥೋಗ್ರಾಫ್ (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರ) ಈಗ ನಮ್ಮ ಮನೆಗೆ ಬಂದಿದೆ. ಕ್ಯೂಬಾದ ಕಲಾವಿದ ವಿಫ್ರೆಡೊ ಲ್ಯಾಮ್ ಅವರದ್ದು. ಕುದುರೆ ಮುಖದ ಹೆಂಗಸು, ತಲೆ ಮೇಲೆ ಕೊಂಬು, ಗದ್ದದಿಂದ ಏನೋ ನೇತಾಡುತ್ತಿದೆ. ಹಾಲ್‌ನಲ್ಲಿ ಹಾಕಲು ಅಮ್ಮ ಬಿಡುತ್ತಿಲ್ಲ, ಅದು ಬೇರೆ ಕಥೆ. ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 37/99 (99 ಪ್ರತಿಗಳಲ್ಲಿ 37ನೆಯದು), ಬಲಕ್ಕೆ ಸಹಿ.

ಜೂನ್ ಬಂತೆಂದರೆ ಕಾಗದ ಹಪ್ಪಳದ ಹಾಗೆ ಉಬ್ಬುತ್ತದೆ. ಸುತ್ತಲಿನ ಬೋರ್ಡ್ ತಾಗುವ ಕಡೆ ಕಂದು ಗೆರೆ ಬಿದ್ದಿದೆ. ಫ್ರೇಮ್ ಅಂಗಡಿಯವರು "ಬಿಸಿ ಪ್ರೆಸ್‌ನಲ್ಲಿ ಬೋರ್ಡಿಗೆ ಅಂಟಿಸಿಬಿಡೋಣ, ಜನ್ಮದಲ್ಲಿ ಏಳಲ್ಲ" ಅಂದರು. ಮಾಡಿಸಲಾ? ಇನ್ನೊಂದು ಅನುಮಾನ: ಸಹಿಯಲ್ಲಿ ಒಂದು 'ಲ' ಕಾಣೆ. ವಿಲ್‌ಫ್ರೆಡೊ ಅಲ್ವಾ?

ಕಲ್ಲಚ್ಚು
ದಯವಿಟ್ಟು ಬೇಡ. ಜನ್ಮದಲ್ಲಿ ಏಳಲ್ಲ ಅನ್ನುವುದೇ ಅದರ ದೋಷ. ಒಮ್ಮೆ ಅಂಟಿಸಿದರೆ ಬೆಲೆ ಅರ್ಧಕ್ಕರ್ಧ ಹೋಯಿತು ಅಂತಲೇ ಇಟ್ಟುಕೊಳ್ಳಿ.

'ಲ' ಬಗ್ಗೆ ಹೆದರಬೇಡಿ. ಹುಟ್ಟು ಹೆಸರು ವಿಲ್‌ಫ್ರೆಡೊ ಹೌದು, ಆದರೆ ಯಾವುದೋ ಕಚೇರಿ ಕಾಗದದಲ್ಲಿ ಒಂದಕ್ಷರ ಬಿಟ್ಟುಹೋಗಿ ವಿಫ್ರೆಡೊ ಆಯಿತು. ಅವರೂ ಅದನ್ನೇ ಇಟ್ಟುಕೊಂಡರು. ಇನ್ನು ಮಿಲಾನ್ ಅಂದಿರಲ್ಲ, ಅದು ಸರಿಯಾಗಿ ಹೊಂದುತ್ತದೆ. ಜಾರ್ಜಿಯೊ ಉಪಿಲ್ಯೊ ಅವರ ಮುದ್ರಣಶಾಲೆಯಲ್ಲಿ ಲ್ಯಾಮ್ ಬಹಳ ಕೆಲಸ ಮಾಡಿದ್ದಾರೆ. ಆದರೆ ಹೊಂದುತ್ತದೆ ಅಂದ ಮಾತ್ರಕ್ಕೆ ಅಸಲಿ ಅಂತಲ್ಲ. 10 ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಬಣ್ಣ ನೋಡಿ. ಸಾಲುಸಾಲಾಗಿ ಚುಕ್ಕಿಗಳು ಹೂವಿನಂತೆ ಕೂಡಿದ್ದರೆ ಅದು ಆಫ್‌ಸೆಟ್ ಮುದ್ರಣ, ಪೋಸ್ಟರ್ ಇದ್ದ ಹಾಗೆ. ಕಲ್ಲಿನ ಮೇಲೆ ಜಿಡ್ಡು ಕ್ರೇಯಾನ್‌ನಲ್ಲಿ ಬರೆದದ್ದಾದರೆ ಒರಟು ಗೋಡೆಗೆ ಸೀಮೆಸುಣ್ಣ ತಿಕ್ಕಿದಂತೆ, ಅಳತೆಯಿಲ್ಲದ ಕಣಗಳು ಕಾಣುತ್ತವೆ. ಸಹಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಪೆನ್ಸಿಲ್ ಆದರೆ ಮಿಂಚಬೇಕು.

ಹಳೇಕಾಗದ
ಉಬ್ಬಿದ್ದು ಕಾಗದದ ತಪ್ಪಲ್ಲ. ಮಳೆಗಾಲದ ತೇವ ಕುಡಿದು ಅದು ಹಿಗ್ಗುತ್ತದೆ. ನಾಲ್ಕೂ ಕಡೆ ಟೇಪ್ ಹಾಕಿ ಕಟ್ಟಿಹಾಕಿದ್ದರೆ ಹಿಗ್ಗಲು ಜಾಗ ಎಲ್ಲಿ? ಮೇಲಕ್ಕೆ ಏಳುತ್ತದೆ. ಹಿಂದಿನ ಹಲಗೆ ಬಿಚ್ಚಿ ನೋಡಿ ಹೇಳುತ್ತೀರಾ? ಟೇಪ್ ಮಾತ್ರ ಎಳೆಯಬೇಡಿ.

ಕಡಲತಡಿ
ಬಿಚ್ಚಿದೆ. ನೀವು ಹೇಳಿದ ಹಾಗೇ, ನಾಲ್ಕೂ ಅಂಚಿಗೆ ಹಳದಿಗಟ್ಟಿದ ಸೆಲ್ಲೋ ಟೇಪ್. ಹಿಂದೆ ಇಟ್ಟಿದ್ದು ರಟ್ಟಿನ ಪೆಟ್ಟಿಗೆ ಕತ್ತರಿಸಿದ ತುಂಡು! ಅದರ ಏಣುಗಳು ಕಾಗದದ ಬೆನ್ನಿಗೆ ಕಂದು ಪಟ್ಟೆಪಟ್ಟೆಯಾಗಿ ಇಳಿದಿವೆ. ಲೂಪ್‌ನಲ್ಲಿ ಚುಕ್ಕಿಯ ಸಾಲಿಲ್ಲ, ಕಣಕಣ. ಸಹಿ ಮಿಂಚುತ್ತದೆ.

ಹಳೇಕಾಗದ
ಕಂದು ಗೆರೆಗೂ ಅಂಥದ್ದೇ ಕಾರಣ. ಅಗ್ಗದ ಬೋರ್ಡಿನ ಒಳಗಿನ ಮರದ ತಿರುಳು ಹುಳಿಯಾಗಿ, ತಾಗಿದ ಕಾಗದವನ್ನು ಸುಡುತ್ತದೆ. ಬೋರ್ಡಿನ ಕತ್ತರಿಸಿದ ಓರೆ ಅಂಚು ನೋಡಿ, ಚಹಾದ ಬಣ್ಣಕ್ಕೆ ತಿರುಗಿರುತ್ತದೆ.

ಈಗ ಇಷ್ಟು ಮಾಡಿ. ಕೈ ತೊಳೆದು ಒಣಗಿಸಿಕೊಳ್ಳಿ. ಟೇಪನ್ನು ಚಿತ್ರದ ಮೇಲೆಯೇ ಬಿಟ್ಟು, ಅದು ಹಿಡಿದಿರುವ ಬೋರ್ಡನ್ನು ಮಾತ್ರ ಸುತ್ತ ಕತ್ತರಿಸಿ. ಬ್ಲೇಡ್ ಯಾವಾಗಲೂ ಚಿತ್ರದಿಂದ ಆಚೆಗೆ ಓಡಲಿ. ಅಂಟು ಬಿಡಿಸುವುದು, ಕಲೆ ತೆಗೆಯುವುದು ಕಾಗದದ ಸಂರಕ್ಷಣೆ ಕಲಿತವರ ಕೆಲಸ. ಪೆಟ್ರೋಲ್, ಬ್ಲೀಚ್, ಇಸ್ತ್ರಿಪೆಟ್ಟಿಗೆ ಯಾವುದೂ ಹತ್ತಿರ ಬರಬಾರದು.

ಮರಳಿ ಕಟ್ಟಿಸುವಾಗ ಚಿತ್ರದ ಸುತ್ತ ಕೂರಿಸಲು ಪೂರ್ತಿ ಹತ್ತಿಯ ಮ್ಯಾಟ್ ಬೋರ್ಡ್ ಕೇಳಿ. ಮೇಲಂಚಿನಲ್ಲಿ ಎರಡೇ ಎರಡು ಕಡೆ ಜಪಾನಿ ಕಾಗದದ ಪಟ್ಟಿ, ಗೋಧಿ ಗಂಜಿಯ ಅಂಟು. ಕೆಳಗೆ ಬಿಡುವಾಗಿ ತೂಗಲಿ. ಗಾಜು ಚಿತ್ರಕ್ಕೆ ತಾಗಬಾರದು, ಮಂಗಳೂರಿನಲ್ಲಿ ತಾಗಿದರೆ ಬೂಸ್ಟು ಗ್ಯಾರಂಟಿ. ಹೊರಗೋಡೆ ಬೇಡ, ಒಳಗೋಡೆಗೆ ನೇತುಹಾಕಿ.

ಕಡಲತಡಿ
ಬೋರ್ಡ್ ಕತ್ತರಿಸಲು ಎರಡು ಗಂಟೆ ಹಿಡಿಯಿತು, ಕೈ ನಡುಗುತ್ತಿತ್ತು. ಬೆಳಿಗ್ಗೆ ನೋಡಿದರೆ ಉಬ್ಬು ತಾನಾಗಿಯೇ ಅರ್ಧ ಇಳಿದಿದೆ. ಗೆರೆ ಹಾಗೇ ಇದೆ. ಆದರೆ ಬೋರ್ಡ್ ಮುಚ್ಚಿಕೊಂಡಿದ್ದ ಮೂಲೆಯಲ್ಲಿ ಬಣ್ಣವಿಲ್ಲದ ಒಂದು ಒತ್ತುಮುದ್ರೆ ಸಿಕ್ಕಿತು. ಕಣ್ಣಿಗಿಂತ ಬೆರಳಿಗೇ ಜಾಸ್ತಿ ಗೊತ್ತಾಗುತ್ತದೆ. ಫೋಟೋದಲ್ಲಿ ಬರುತ್ತಿಲ್ಲ, ಏನು ಮಾಡಲಿ?

ಕಲ್ಲಚ್ಚು
ಅದು ಮುದ್ರಣಶಾಲೆಯ ಗುರುತಿರಬಹುದು. ಲೈಟ್ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ನೆರಳಿನಲ್ಲಿ ಅಕ್ಷರ ಏಳುತ್ತದೆ. ಬೆರಳು ಮಾತ್ರ ತೆಗೆಯಿರಿ ಮಾರಾಯ್ರೇ.