'ಪ್ರೆಸೆನ್ಸ್'ಗೆ ಕನ್ನಡದಲ್ಲಿ ಏನನ್ನೋಣ? ರೋಗಿಯ ಪಕ್ಕ ಕೂರುವವರಿಗೆ ಬೇಕಾದ ಒಂದು ಪದ

ಎಲ್ಲರಿಗೂ ನಮಸ್ಕಾರ.

ವಾಸಿಯಾಗದ ಕಾಯಿಲೆಯವರ ಜೊತೆ ಹೊತ್ತು ಕಳೆಯುವ ಸ್ವಯಂಸೇವಕರಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನೋವಿನ ಮಾತ್ರೆ, ಹಾಸಿಗೆ ಹುಣ್ಣು, ಬಾಯಿಯ ಸ್ವಚ್ಛತೆ ಇವುಗಳ ಅಧ್ಯಾಯಗಳು ಸರಾಗವಾಗಿ ಮುಗಿದವು. ಪುಟಪುಟಕ್ಕೂ ಬರುವ ಎರಡು ಮಾತುಗಳ ಹತ್ತಿರ ಮಾತ್ರ ಸಿಕ್ಕಿಕೊಂಡಿದ್ದೇನೆ: 'ಕಂಪ್ಯಾಷನೇಟ್ ಪ್ರೆಸೆನ್ಸ್' ಮತ್ತು 'ಸ್ಪಿರಿಚುಯಲ್ ಕನೆಕ್ಷನ್'. ಮೊದಲ ಕರಡಿನಲ್ಲಿ 'ಕರುಣಾಪೂರ್ಣ ಉಪಸ್ಥಿತಿ', 'ಆಧ್ಯಾತ್ಮಿಕ ಸಂಪರ್ಕ' ಎಂದು ಬರೆದಿದ್ದೆ. ಗಟ್ಟಿಯಾಗಿ ಓದಿದಾಗ ಎರಡಕ್ಕೂ ಉಸಿರೇ ಇಲ್ಲ ಅನ್ನಿಸಿತು.

'ಉಪಸ್ಥಿತಿ' ಎಂದರೆ ಹತ್ತಿರ ನಿಲ್ಲುವುದು. ಮೂಲದ ಅರ್ಥದಲ್ಲಿ ಕೊರತೆಯಿಲ್ಲ. ಆದರೆ ಬಳಕೆಯಲ್ಲಿ ಅದು ಸಭೆಯ ನಡಾವಳಿಗೂ ಆಮಂತ್ರಣ ಪತ್ರಿಕೆಗೂ ಸೇರಿಹೋಗಿದೆ. ಅರಬ್ಬಿಯಿಂದ ಬಂದ 'ಹಾಜರಿ' ಇನ್ನೂ ದೂರ. ಹಾಜರಿದ್ದೂ ಫೋನ್ ನೋಡುತ್ತಾ ಕೂತಿರಬಹುದು, ಕೈಪಿಡಿ ಬೇಡವೆನ್ನುವುದೇ ಅದನ್ನು.

'ಸಾನ್ನಿಧ್ಯ'ದ ಬಗ್ಗೆ ಹೆಚ್ಚು ಯೋಚಿಸಿದೆ. ಸನ್ನಿಧಿ ಎಂದರೂ ಹತ್ತಿರವಿರುವುದೇ, ಆದರೆ ನಮ್ಮ ಬಾಯಲ್ಲಿ ಅದು ದೇವರದ್ದು, ಗುರುವಿನದ್ದು. 'ಸ್ವಯಂಸೇವಕರ ಸಾನ್ನಿಧ್ಯ' ಅಂದ ಕೂಡಲೇ ಬಂದವರು ಮೇಲಾಗಿ, ಮಲಗಿದವರು ಕೆಳಗಾಗುತ್ತಾರೆ. ಗೆಳೆಯರೊಬ್ಬರು, ಅದನ್ನೇ ತಿರುಗಿಸಿ, ರೋಗಿಯ ಸನ್ನಿಧಿಯಲ್ಲಿ ನಾವಿದ್ದೇವೆ ಅನ್ನಿ, ಎಂದರು. ಆ ಮಾತು ಇಡೀ ದಿನ ನನ್ನನ್ನು ಬಿಡಲಿಲ್ಲ. ಬಾಗಿಲು ದೂಡುವ ಮೊದಲು ಆ ಎಣಿಕೆ ಮನಸ್ಸಿನಲ್ಲಿದ್ದರೆ ದನಿ ತಾನಾಗಿ ತಗ್ಗುತ್ತದೆ, ಕುರ್ಚಿ ಎಳೆಯುವ ಸದ್ದೂ ತಗ್ಗುತ್ತದೆ. ಆದರೂ ಕೈಪಿಡಿಯಲ್ಲಿ ಹಾಕಲಾರೆ. ವಾಂತಿ, ಸಿಟ್ಟು, ನಿದ್ದೆಯಿಲ್ಲದ ರಾತ್ರಿಗಳ ನಡುವೆ ಇರುವವರನ್ನು ಪೀಠದ ಮೇಲೆ ಕೂರಿಸಿದರೆ ಗೊಣಗುವ, ಬೈಯುವ ಸ್ವಾತಂತ್ರ್ಯವನ್ನೂ ಅವರಿಂದ ಕಿತ್ತುಕೊಂಡಂತೆ.

ನನಗೆ ಉತ್ತರದ ಒಂದು ಎಳೆ ಸಿಕ್ಕಿದ್ದು ನೆನಪಿನಲ್ಲಿ. ಅಪ್ಪನ ಕೊನೆಯ ವಾರಗಳಲ್ಲಿ ನಾನು ದಿಂಬು ಸರಿಮಾಡುವುದು, ಮಾತ್ರೆ ಎಣಿಸುವುದು, ಕಿಟಕಿ ತೆರೆಯುವುದು, ಮತ್ತೆ ಹಾಕುವುದು, ಹೀಗೆ ಕೈಗೆ ಬಿಡುವೇ ಕೊಡುತ್ತಿರಲಿಲ್ಲ. ಕೈ ನಿಂತರೆ ಭಯವಾಗುತ್ತಿತ್ತು. ಒಂದು ಸಂಜೆ ಅಪ್ಪ, "ಏನೂ ಮಾಡ್ಬೇಡ ಕಣೋ, ಸುಮ್ನೆ ಇಲ್ಲೇ ಇರು" ಅಂದರು. ಕೂತೆ. ಕತ್ತಲಾಗುವವರೆಗೆ ಇಬ್ಬರೂ ಮಾತಾಡಲಿಲ್ಲ.

ಕೈಪಿಡಿಯ ಒಂದು ಇಡೀ ಅಧ್ಯಾಯ ಹೇಳಲು ಹೊರಟಿದ್ದು ಆ ಒಂದು ವಾಕ್ಯದಲ್ಲಿದೆ. 'ಸುಮ್ಮನೆ'ಯನ್ನೇ ನೋಡಿ. ಸುಮ್ಮನೆ ಕೂತ ಎಂದರೆ ಮಾತಿಲ್ಲದೆ ಕೂತ. ಸುಮ್ಮನೆ ಬಂದೆ ಎಂದರೆ ಬೇರೆ ಕೆಲಸವಿಟ್ಟುಕೊಳ್ಳದೆ ಬಂದೆ. ಸುಮ್ಮನೆ ಕೊಟ್ಟರು ಎಂದರೆ ಏನನ್ನೂ ಬಯಸದೆ ಕೊಟ್ಟರು. ಹಾಸಿಗೆಯ ಪಕ್ಕ ಕೂರುವವರಿಗೆ ಈ ಮೂರೂ ಬೇಕು. ಒಂದೇ ತೊಡಕು, 'ಸುಮ್ಮನಿರು' ಎಂದು ಕೂಡಿಸಿ ಹೇಳಿದರೆ ಬಾಯಿ ಮುಚ್ಚಿಸಿದಂತಾಗುತ್ತದೆ. ಅಪ್ಪನ ಮಾತಿನಲ್ಲಿ ನಡುವೆ 'ಇಲ್ಲೇ' ಇತ್ತು, ಅದೇ ಅರ್ಥವನ್ನು ಉಳಿಸಿದ್ದು.

ಇಲ್ಲಿಂದ ನನಗನ್ನಿಸಿದ್ದು ಇಷ್ಟು: ಇಂಗ್ಲಿಷ್ ನಾಮಪದದಲ್ಲಿ ಹೇಳುವ ಈ ಸಂಗತಿಯನ್ನು ಕನ್ನಡ ಕ್ರಿಯಾಪದದಲ್ಲಿ ಹೇಳುತ್ತದೆ. ಆರೈಕೆಗೆ ಸಂಬಂಧಿಸಿದ ನಮ್ಮ ಮಾತುಗಳನ್ನು ಸಾಲಾಗಿ ಇಟ್ಟು ನೋಡಿದೆ. 'ನೋಡಿಕೊಳ್ಳು' ಹುಟ್ಟಿದ್ದು ನೋಡುವುದರಿಂದ. 'ವಿಚಾರಿಸಿಕೊಳ್ಳು' ಕೇಳಿ ತಿಳಿಯುವುದರಿಂದ. 'ಆರೈಕೆ'ಯ ಹಿಂದಿರುವ ಹಳಗನ್ನಡದ 'ಆರಯ್' ಕೂಡ ಹುಡುಕಿ, ಗಮನಿಸಿ ನೋಡುವುದೇ. 'ಕಾಯು' ಎಂದರೆ ಕಾಪಾಡುವುದೂ ಹೌದು, ಏನೂ ಮಾಡಲಾಗದೆ ಹೊತ್ತು ಹೋಗುವುದನ್ನು ಎದುರುನೋಡುವುದೂ ಹೌದು. ಸಂಸ್ಕೃತದ 'ಶುಶ್ರೂಷೆ' ಇವೆಲ್ಲಕ್ಕಿಂತ ಅಚ್ಚರಿಯದು. ಅದು 'ಶ್ರು' (ಕೇಳು) ಧಾತುವಿನ ಸನ್ನಂತ ರೂಪ, ಅಂದರೆ ಬಯಕೆಯನ್ನು ಹೇಳುವ ರೂಪ, ಹಾಗಾಗಿ ಮೊದಲ ಅರ್ಥ ಕೇಳುವ ಇಚ್ಛೆ. ಗುರುವಿನ ಮಾತು ಕೇಳಬಯಸುವ ಶಿಷ್ಯನಿಂದ ಸೇವೆಗೆ, ಸೇವೆಯಿಂದ ರೋಗಿಯ ಉಪಚಾರಕ್ಕೆ ಪದ ನಡೆದು ಬಂದಿದೆ. ಇವತ್ತು ಶುಶ್ರೂಷೆ ಅಂದರೆ ಸೂಜಿ, ಬ್ಯಾಂಡೇಜು ಕಣ್ಣಿಗೆ ಬರುತ್ತವೆ. ಒಳಗೆ ಕಿವಿ ಇದೆ ಎಂಬುದು ಮರೆತೇ ಹೋಗಿದೆ.

ಇನ್ನೊಂದು, ಹಾಸಿಗೆ ಹಿಡಿದವರನ್ನು ಕಾಣಲು ಹೋಗುವುದಕ್ಕೆ ನಾವು 'ಮಾತಾಡಿಸಿಕೊಂಡು ಬರೋಣ' ಅನ್ನುತ್ತೇವೆ. ಮಾತಾಡಿಸು ಎಂದರೆ ಅವರು ಮಾತಾಡುವಂತೆ ಮಾಡು. ಆದರೆ ಹೋದವರೇ ಅರ್ಧ ಗಂಟೆ ಮಾತಾಡಿ, ಯಾರಿಗೋ ಯಾವುದೋ ಔಷಧಿಯಿಂದ ಗುಣವಾದ ಕಥೆ ಹೇಳಿ ಎದ್ದು ಬರುವುದನ್ನು ಎಷ್ಟು ಸಲ ಕಂಡಿಲ್ಲ!

'ಕಂಪ್ಯಾಷನ್' ವಿಷಯದಲ್ಲಿ ನನಗೆ ಅಷ್ಟು ಗೊಂದಲವಿಲ್ಲ. ದಯೆ, ಕರುಣೆ ಮೇಲಿಂದ ಇಳಿಯುತ್ತವೆ. ಕನಿಕರವಂತೂ ರೋಗಿಗಳಿಗೆ ಬೇಡವೇ ಬೇಡ. 'ಅನುಕಂಪ' ಎಂದರೆ ಜೊತೆಗೆ ಕಂಪಿಸುವುದು, ಎಷ್ಟು ನಿಖರವಾದ ಪದ. ಆದರೆ 'ಅನುಕಂಪದ ಆಧಾರದ ಮೇಲೆ' ಎಂಬ ಕಚೇರಿಯ ಮಾತು ಅದರ ಮೇಲೆ ಕೂತುಬಿಟ್ಟಿದೆ. ನನ್ನ ಒಲವು 'ಅಂತಃಕರಣ'ದ ಕಡೆಗೆ. ಶಾಸ್ತ್ರದಲ್ಲಿ ಅದು ಮನಸ್ಸು, ಬುದ್ಧಿ ಮುಂತಾದ ಒಳಗಿನ ಸಾಧನ. 'ಅಂತಃಕರಣವುಳ್ಳ ಮನುಷ್ಯ' ಎನ್ನುವಾಗ ಅದನ್ನು ಮಿಡಿಯುವ ಹೃದಯವಾಗಿ ಮಾಡಿಕೊಂಡಿದ್ದು ಆಡುವ ಜನ.

ಕಷ್ಟವಿರುವುದು 'ಸ್ಪಿರಿಚುಯಲ್'ನಲ್ಲಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಸಾವಿನ ಹತ್ತಿರವಿರುವವರ ಆರೈಕೆಯ ಮನೆ, ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಸಾಯುತ್ತಿರುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ಸ್ಪಿರಿಚುಯಲ್ ಆದದ್ದು ಎಲ್ಲ ಸೇರಿ ಒಂದೇ ಎಂದು ತೋರಿಸಿ ಅದನ್ನು 'ಟೋಟಲ್ ಪೇನ್' ಎಂದು ಕರೆದರು. ಇಂಥ ಆರೈಕೆಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ 2002ರ ವ್ಯಾಖ್ಯೆಯಲ್ಲೂ 'ಸ್ಪಿರಿಚುಯಲ್' ಪದವಿದೆ. 'ಸ್ಪಿರಿಚುಯಲ್ ಪೇನ್' ಅನ್ನು 'ಆಧ್ಯಾತ್ಮಿಕ ನೋವು' ಅಂದರೆ ಕನ್ನಡದ ಓದುಗರಿಗೆ ಜಪ, ಪ್ರವಚನ, ಸಾಧನೆ ನೆನಪಾಗುತ್ತವೆ. ದೇವರನ್ನು ನಂಬದವರು, ಇದು ನನಗಲ್ಲ ಎಂದು ಪುಟ ತಿರುವಿಹಾಕುತ್ತಾರೆ. ಆದರೆ ಹಾಸಿಗೆಯಿಂದ ಬರುವ ಮಾತುಗಳು ಹೀಗಿರುತ್ತವೆ: "ನನಗೇ ಯಾಕೆ ಬಂತು?", "ಎಲ್ಲರಿಗೂ ಹೊರೆಯಾದೆನಲ್ಲ", "ತಮ್ಮನ ಹತ್ರ ಮಾತು ಬಿಟ್ಟಿದ್ದೆ, ಅವನು ಬರ್ತಾನಾ?" ಇವುಗಳನ್ನು ನಂಬುವವರೂ ನಂಬದವರೂ ಕೇಳುತ್ತಾರೆ.

ಇಂಥ ಕಡೆ ಜನ ಬಳಸುವ ಪದ 'ಜೀವ' ಎಂದು ನನ್ನ ಗಮನಕ್ಕೆ ಬಂದಿದೆ. 'ಜೀವಕ್ಕೆ ಸಮಾಧಾನವಿಲ್ಲ', 'ಅವನ ಮುಖ ನೋಡಿ ಜೀವಕ್ಕೆ ಹಾಯೆನಿಸಿತು'. ದೇಹವಲ್ಲ, ಬರಿಯ ಮನಸ್ಸೂ ಅಲ್ಲ, ಧರ್ಮದ ಗುರುತೂ ಇಲ್ಲ. ಹಾಗಾದರೆ 'ಸ್ಪಿರಿಚುಯಲ್ ಪೇನ್' ಜೀವದ ಸಂಕಟವಾಗಬಹುದು, 'ಸ್ಪಿರಿಚುಯಲ್ ಕನೆಕ್ಷನ್' ಜೀವದ ನಂಟಾಗಬಹುದು. 'ಸಂಪರ್ಕ' ಬೇಡ, ಅದು ತಂತಿಗೆ, ರಸ್ತೆಗೆ ಇರಲಿ.

ಇಷ್ಟೆಲ್ಲ ಎಳೆದಾಡುವ ಅಗತ್ಯವಿದೆಯೇ ಎಂದು ಕೇಳುವವರಿಗೆ ಒಂದು ಸಂಗತಿ. ವಾಸಿಯಾಗದ ಕಾಯಿಲೆಯವರ ಈ ಆರೈಕೆಗೆ 'ಪ್ಯಾಲಿಯೇಟಿವ್ ಕೇರ್' ಎಂಬ ಹೆಸರು ಬಂದದ್ದೇ ಅನುವಾದದ ತೊಡಕಿನಿಂದ. 1970ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬಾಲ್ಫರ್ ಮೌಂಟ್ ಎಂಬ ವೈದ್ಯರು ಇಂಥ ವಾರ್ಡ್ ಶುರುಮಾಡುವಾಗ, ಫ್ರೆಂಚ್ ಮಾತಾಡುವವರ ಕಿವಿಗೆ 'ಹಾಸ್ಪಿಸ್' ದಿಕ್ಕಿಲ್ಲದವರನ್ನು ತಳ್ಳುವ ಜಾಗದಂತೆ ಕೇಳುತ್ತಿತ್ತು. ಅದಕ್ಕೇ ಅವರು ಬೇರೆ ಪದ ಹುಡುಕಿದರು. ಲ್ಯಾಟಿನ್ನಿನ 'ಪ್ಯಾಲಿಯಮ್', ಅಂದರೆ ಮೈಗೆ ಹೊದೆಯುವ ಬಟ್ಟೆ, ಅದರ ಮೂಲ.

ಈಗ ನಿಮ್ಮನ್ನು ಕೇಳುವುದು. ವಾಕ್ಯದೊಳಗೆ 'ಅಂತಃಕರಣದಿಂದ ಜೊತೆಗಿರುವುದು' ಎಂದು ಬರೆದರೆ ಒಪ್ಪುತ್ತದೆ. ಆದರೆ ಅಧ್ಯಾಯಗಳ ತಲೆಬರಹಕ್ಕೆ ಒಂದೇ ಪದ ಬೇಕು. 'ಒಡನಿರವು' ಎಂದು ಕಟ್ಟಿದ್ದೇನೆ. 'ಒಡನಾಟ' ಎಲ್ಲರಿಗೂ ಗೊತ್ತು, 'ಇರವು' ಹಳೆಯದು, ಆಟ ನಿಂತ ಮೇಲೂ ಇರುವುದು ಎಂಬ ಧ್ವನಿ ನನಗಂತೂ ಇಷ್ಟ. ನಿಮ್ಮ ಕಿವಿಗೆ ಇದು ಕೃತಕವೇ? ರಾತ್ರಿಯಿಡೀ ಕಾಯಿಲೆಯವರ ಪಕ್ಕ ಕೂರುವುದಕ್ಕೆ ನಿಮ್ಮ ಹಿರಿಯರು ಬಳಸುತ್ತಿದ್ದ ಬೇರೆ ಮಾತಿದ್ದರೆ, ಅದನ್ನು ಆಡುತ್ತಿದ್ದ ವಾಕ್ಯದ ಸಮೇತ ದಯವಿಟ್ಟು ತಿಳಿಸಿ. ಕೈಪಿಡಿಯನ್ನು ಹೆಚ್ಚಿನವರು ಓದುವುದಿಲ್ಲ, ಯಾರೋ ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಒಂದೇ ಸಲ ಕೇಳಿದರೂ ತಿಳಿಯುವಂಥ ಪದ ಬೇಕು.